ಸಿನಿಮಾದ ಹೊರಗೆ ಒಂದು ದನಿ: ಫಾಲ್ಗುಣಿ ಪಾಠಕ್ ಮತ್ತು ಒಂಬತ್ತು ರಾತ್ರಿಗಳ ಕಥೆ

ನವರಾತ್ರಿ ಅಂದರೆ ನಮ್ಮ ಕಡೆ ಗೊಂಬೆ ಕೂಡಿಸುವುದು, ಸಂಜೆ ಓಣಿಯ ಮಕ್ಕಳನ್ನೆಲ್ಲಾ ಕರೆದು ಚರುಪು ಹಂಚುವುದು, ಹತ್ತನೇ ದಿನ ಜಂಬೂಸವಾರಿ ನೋಡುವುದು. ಗುಜರಾತಿಗೆ ಬಂದ ಕನ್ನಡಿಗನಿಗೆ ಮೊದಲ ವರ್ಷವೇ ಒಂದು ವಿಷಯ ಅರ್ಥವಾಗಿಬಿಡುತ್ತದೆ. ಇಲ್ಲಿ ನವರಾತ್ರಿ ಅಂದರೆ ನಿಜಕ್ಕೂ ರಾತ್ರಿಯೇ! ಹಗಲು ಊರೆಲ್ಲಾ ಆಕಳಿಸುತ್ತಿರುತ್ತದೆ. ಆಫೀಸಿನಲ್ಲಿ ಕಡತಗಳು ಮಲಗಿರುತ್ತವೆ. ರಾತ್ರಿ ಊಟ ಮುಗಿಯುತ್ತಿದ್ದ ಹಾಗೆ ವಡೋದರಾ, ಅಹಮದಾಬಾದು, ಸೂರತ್ತುಗಳ ಮೈದಾನಗಳಿಗೆ ಜೀವ ಬರುತ್ತದೆ.

ಮೂವತ್ತು ವರ್ಷ ಮೇಲಾಯಿತು ನಾನು ಈ ರಾಜ್ಯಕ್ಕೆ ಬಂದು. ಈ ಊರುಗಳಲ್ಲಿ ನನ್ನ ಕಿವಿಗೆ ಬಿದ್ದ ದನಿಗಳಲ್ಲಿ ಒಂದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಅದು ಫಾಲ್ಗುಣಿ ಪಾಠಕ್ ಅವರದು. ಇಲ್ಲಿ ಹೆಣ್ಣುಮಕ್ಕಳ ಹೆಸರಿಗೆ 'ಬೆನ್' ಸೇರಿಸದೆ ಕರೆದರೆ ಏನೋ ಕಡಿಮೆಯಾದ ಹಾಗೆ. ಹಾಗಾಗಿ ಫಾಲ್ಗುಣಿಬೆನ್. ಸಿನಿಮಾದ ಆಸರೆ ಇಲ್ಲದೆ, ಬರೀ ಹಾಡು, ವೇದಿಕೆ ಮತ್ತು ಒಂದಷ್ಟು ಪುಟ್ಟ ಪುಟ್ಟ ವಿಡಿಯೋಗಳ ಮೇಲೆ ಇಡೀ ದೇಶಕ್ಕೆ ಪರಿಚಯವಾದವರು. ಆ ವಿಡಿಯೋಗಳ ಹಾಡುಗಳು ಆಮೇಲೆ ಯಾರ ಸ್ವತ್ತಾದವು ಅನ್ನುವ ಪ್ರಶ್ನೆ 2022ರಲ್ಲಿ ದೇಶದ ತುಂಬಾ ಎದ್ದಿತ್ತು. ಆ ಪ್ರಶ್ನೆಗೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಗರ್ಬಾ ಅನ್ನುವ ಶಬ್ದ 'ಗರ್ಭ'ದಿಂದ ಬಂದದ್ದು. ತೂತು ತೂತಾಗಿರುವ ಮಣ್ಣಿನ ಮಡಕೆಯೊಳಗೆ ಒಂದು ದೀಪ ಇಟ್ಟು, ಅದನ್ನು ನಡುವೆ ಇರಿಸಿ ಹೆಂಗಸರು ಸುತ್ತ ಕೈ ತಟ್ಟುತ್ತಾ ಹಾಡಿ ಕುಣಿಯುವುದು ಇದರ ಮೂಲ. ಮಡಕೆ ಗರ್ಭ, ದೀಪ ಜೀವ. ಓಣಿಯೊಳಗೆ ನಡೆಯುವ ಆಟಕ್ಕೆ 'ಶೇರಿ ಗರ್ಬಾ' ಅನ್ನುತ್ತಾರೆ. ನಮ್ಮ 'ಕೇರಿ' ಇವರ 'ಶೇರಿ' ಎರಡೂ ಎಷ್ಟು ಹತ್ತಿರ ನೋಡಿ! ಎರಡು ಚಪ್ಪಾಳೆಯದು 'ಬೇ ತಾಳಿ', ಮೂರು ಚಪ್ಪಾಳೆಯದು 'ತ್ರಣ್ ತಾಳಿ'. ಕೋಲು ಹಿಡಿದು ಆಡುವುದು ದಾಂಡಿಯಾ ರಾಸ್, ಅಂದರೆ ನಮ್ಮ ಕೋಲಾಟದ ಅಕ್ಕ ಅಥವಾ ತಂಗಿ. 2023ರ ಡಿಸೆಂಬರಿನಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಗುಜರಾತಿನ ಗರ್ಬಾವನ್ನು ಸೇರಿಸಿತು.

ಓಣಿಯ ಈ ಹಾಡು ತಟ್ಟೆಗೆ, ಆಮೇಲೆ ಕ್ಯಾಸೆಟ್ಟಿಗೆ ಇಳಿದಾಗ ಅದರ ಸ್ವರೂಪವೇ ಬದಲಾಯಿತು. ಅಹಮದಾಬಾದಿನಲ್ಲಿ 1912ರಲ್ಲಿ ಹುಟ್ಟಿದ ಅವಿನಾಶ್ ವ್ಯಾಸ್ ಗುಜರಾತಿ ಸಿನಿಮಾಗಳಿಗೆ ಸಂಗೀತ ಕೊಡುತ್ತಲೇ ನೂರಾರು ಗರ್ಬಾ ಮತ್ತು ಸುಗಮ ಸಂಗೀತದ ಹಾಡುಗಳನ್ನು ತಾವೇ ಬರೆದು ತಾವೇ ರಾಗ ಹಾಕಿದರು. ಇವತ್ತು ಜನ ಅವುಗಳಲ್ಲಿ ಕೆಲವನ್ನು ಜಾನಪದ ಅಂತಲೇ ತಿಳಿದಿದ್ದಾರೆ. ಒಬ್ಬ ಕವಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ, ಆದರೆ ಇದಕ್ಕಿಂತ ದೊಡ್ಡ ನಷ್ಟವೂ ಇಲ್ಲ! ಆಮೇಲೆ 1980ರ ದಶಕದ ಮೊದಲ ವರ್ಷಗಳಲ್ಲಿ ಕಲ್ಯಾಣ್‌ಜಿ-ಆನಂದ್‌ಜಿ ಅವರ ತಮ್ಮ ಬಾಬ್ಲಾ, ಡ್ರಮ್ಮು ಸಿಂಥಸೈಜರ್ ಎಲ್ಲಾ ಸೇರಿಸಿ 'ಡಿಸ್ಕೋ ದಾಂಡಿಯಾ' ಅಂತ ತಟ್ಟೆಗಳನ್ನು ತಂದರು. ಹಿರಿಯರು ಮೂಗು ಮುರಿದರೂ ಹುಡುಗರು ಕುಣಿದರು. ಒಂದು ಸಾಂಪ್ರದಾಯಿಕ ತಾಳ ಹೊಸ ವಾದ್ಯದ ಮೇಲೆ ನಿಲ್ಲಬಲ್ಲದು ಅನ್ನುವುದು ಆಗ ಖಾತ್ರಿಯಾಯಿತು. ಫಾಲ್ಗುಣಿಬೆನ್ ಬಂದದ್ದು ಈ ದಾರಿಯಲ್ಲೇ.

ಗುಜರಾತಿ ಮನೆತನದ ಹುಡುಗಿ. ವಡೋದರಾದವರು ನಮ್ಮವಳು ಅಂತ ಹೇಳಿಕೊಳ್ಳುತ್ತಾರೆ, ಹೆಸರು ಮಾಡಿದ್ದು ಮುಂಬಯಿಯಲ್ಲಿ. ನಾಲ್ವರು ಅಕ್ಕಂದಿರ ಬೆನ್ನಿಗೆ ಹುಟ್ಟಿದವರು. ಚಿಕ್ಕಂದಿನಿಂದಲೂ ಪ್ಯಾಂಟು ಶರಟು. ಬಹಳ ಸಣ್ಣ ವಯಸ್ಸಿಗೇ ವೇದಿಕೆ ಹತ್ತಿದವರು. 1994ರಲ್ಲಿ 'ತಾ ಥೈಯಾ' ಅನ್ನುವ ತಮ್ಮದೇ ತಂಡ ಕಟ್ಟಿದರು. ಮುಂಬಯಿಯ ಗುಜರಾತಿಗಳು ತುಂಬಿರುವ ಬೋರಿವಲಿ ಕಡೆಯ ಮೈದಾನಗಳಲ್ಲಿ ಇವರ ನವರಾತ್ರಿ ಅಂದರೆ ಜಾತ್ರೆ. 'ದಾಂಡಿಯಾ ರಾಣಿ' ಅನ್ನುವ ಬಿರುದು ಪತ್ರಿಕೆಗಳು ಕೊಟ್ಟದ್ದು. ಒಮ್ಮೆ ಯೋಚಿಸಿ ನೋಡಿ. ಮೈದಾನದ ತುಂಬಾ ಕನ್ನಡಿ ಹೊಲಿದ ಘಾಗ್ರಾ, ಚೋಳಿ, ಓಢಣಿಗಳ ಸಮುದ್ರ. ನಡುವೆ ವೇದಿಕೆಯ ಮೇಲೆ, ಗಂಡುಮಕ್ಕಳ ಹಾಗೆ ಕೂದಲು ಕತ್ತರಿಸಿಕೊಂಡು ಶರಟು ತೊಟ್ಟು ನಿಂತ ಒಬ್ಬ ಹೆಣ್ಣು. ಆ ರಾತ್ರಿಗೆ ರಾಣಿ ಆಕೆಯೇ! ಬಟ್ಟೆಯ ಬಗ್ಗೆ ಇಷ್ಟೊಂದು ಕಟ್ಟಳೆ ಇರುವ ಹಬ್ಬದಲ್ಲಿ ಅಜ್ಜಿಯರೂ ಸಹ ಅದನ್ನು ಒಂದು ಮಾತಾಗಿ ಎತ್ತಿ ಆಡಿದ್ದನ್ನು ನಾನು ಕೇಳಿಲ್ಲ. ದನಿ ಚೆನ್ನಾಗಿದ್ದರೆ ಜನ ಎಷ್ಟೋ ವಿಷಯಗಳನ್ನು ಒಪ್ಪಿಕೊಂಡುಬಿಡುತ್ತಾರೆ.

ಈಗ ಟೀವಿಯ ಕಥೆ. 1990ರ ದಶಕದ ನಡುಭಾಗ. ಛಾವಣಿಯ ಮೇಲೆ ಆಂಟೆನಾ ಹೋಗಿ ಮನೆಗೆ ಕೇಬಲ್ಲು ಬಂದಿತ್ತು. ಚಾನೆಲ್ ವಿ 1994ರಲ್ಲಿ ಬಂತು, ಎಂ ಟೀವಿ 1996ರಲ್ಲಿ ಮರಳಿ ಬಂತು. ಇವಕ್ಕೆ ಇಡೀ ದಿನ ತೋರಿಸಲು ಹಾಡು ಬೇಕಿತ್ತು. ಹಾಗೆ ಹುಟ್ಟಿದ್ದು 'ಇಂಡಿಪಾಪ್'. ಇದರ ಬೇರಿನಲ್ಲಿ ನಮ್ಮವರೊಬ್ಬರು ಇದ್ದಾರೆ ಅನ್ನುವುದು ಬಹಳ ಜನ ಕನ್ನಡಿಗರಿಗೇ ಗೊತ್ತಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಬಿದ್ದು ಅಪ್ಪಯ್ಯ! ಗಿಟಾರು ಹೆಗಲಿಗೇರಿಸಿಕೊಂಡು ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಾಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಅನ್ನು ನಿರ್ಮಿಸಿ ಜಗತ್ತನ್ನೇ ಕುಣಿಸಿದವರು. 1981ರಲ್ಲಿ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್ ಕೈಲಿ 'ಡಿಸ್ಕೋ ದೀವಾನೆ' ಹಾಡಿಸಿದರು. 1995ರಲ್ಲಿ ಅಲೀಷಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಸಹ ಅವರದೇ. ಅಲೀಷಾ ಅವರೂ ಅಹಮದಾಬಾದಿನಲ್ಲಿ ಹುಟ್ಟಿದವರು. ಒಬ್ಬ ಕೊಡವ, ಒಬ್ಬ ಅಹಮದಾಬಾದಿ ಸೇರಿ ಸಿನಿಮಾ ಇಲ್ಲದೆಯೂ ಕ್ಯಾಸೆಟ್ಟು ಲಕ್ಷಗಟ್ಟಲೆ ಹೋಗುತ್ತದೆ ಅಂತ ತೋರಿಸಿಕೊಟ್ಟರು.

ಆಗ ವಿಡಿಯೋಗಳ ಮೇಲೆ ಎಂಥೆಂಥ ಪ್ರಯೋಗ ನಡೆಯಿತು ಗೊತ್ತೇ? 1996ರಲ್ಲಿ ಲಕ್ಕಿ ಅಲಿ ಈಜಿಪ್ಟಿನ ಪಿರಮಿಡ್ಡುಗಳ ನಡುವೆ ಅಲೆಯುತ್ತಾ ಹಾಡಿದರು. 1998ರಲ್ಲಿ 'ಸಿಲ್ಕ್ ರೂಟ್' ತಂಡದವರು ನೀರೊಳಗೆ ಇಳಿದರು. ಅದೇ ವರ್ಷ ದಲೇರ್ ಮೆಹೆಂದಿ ಮಾಡಿದ್ದಂತೂ ಭಲೇ ಮಜಾ. ಇವನ ಕ್ಯಾಸೆಟ್ಟು ಹೋಗುವುದು ವಿಡಿಯೋದಲ್ಲಿರುವ ಚಂದದ ಹುಡುಗಿಯರಿಂದ ಅಂತ ಯಾರೋ ಕುಟುಕಿದರಂತೆ. 'ಹಾಗೋ?' ಅಂತ ಹುಡುಗಿಯರನ್ನೆಲ್ಲಾ ಕೈಬಿಟ್ಟು, ತಾನೇ ನಾಲ್ಕು ಬಣ್ಣದ ಬಟ್ಟೆಯಲ್ಲಿ ನಾಲ್ಕು ಜನವಾಗಿ ಕುಣಿದರು. ಅದೇ 'ತುನಕ್ ತುನಕ್ ತುನ್'. ಕಂಪ್ಯೂಟರಿನಲ್ಲಿ ಹಿನ್ನೆಲೆ ಕೂಡಿಸಿದ ಆ ವಿಡಿಯೋ ಆಮೇಲೆ ಅಂತರಜಾಲದಲ್ಲಿ ಜಗತ್ತೆಲ್ಲಾ ಸುತ್ತಿತು.

ಫಾಲ್ಗುಣಿಬೆನ್ ಅವರ ಮೊದಲ ಆಲ್ಬಮ್ 'ಯಾದ್ ಪಿಯಾ ಕೀ ಆನೇ ಲಗೀ' ಬಂದದ್ದೂ 1998ರಲ್ಲೇ. ಅದರ ವಿಡಿಯೋದಲ್ಲಿ ರಿಯಾ ಸೇನ್ ಇದ್ದರು. 1999ರಲ್ಲಿ 'ಮೈನೇ ಪಾಯಲ್ ಹೈ ಛನಕಾಯಿ', 2000ದಲ್ಲಿ 'ಮೇರಿ ಚುನರ್ ಉಡ್ ಉಡ್ ಜಾಯೇ'. ಎರಡನೆಯದರಲ್ಲಿ ವಿವಾನ್ ಭಟೇನಾ ಮತ್ತು ನಿಖಿಲಾ ಪಾಲಟ್. ಮೂರನೆಯದರಲ್ಲಿ ಆಯೇಷಾ ಟಾಕಿಯಾ, ಜೊತೆಗೆ ಗೆಳತಿಯ ಪಾತ್ರದಲ್ಲಿ ತ್ರಿಷಾ. ಹೌದು, ನಮ್ಮ ದಕ್ಷಿಣದ ಸಿನಿಮಾಗಳನ್ನು ಆಮೇಲೆ ಆಳಿದ ಅದೇ ತ್ರಿಷಾ.

ಈ ವಿಡಿಯೋಗಳಲ್ಲಿ ಏನು ಹೊಸತು? ದೊಡ್ಡ ಖರ್ಚಿಲ್ಲ, ವಿದೇಶವಿಲ್ಲ. ಆದರೆ ಪ್ರತಿಯೊಂದೂ ಒಂದು ಸಣ್ಣ ಕಥೆ. ನಾಲ್ಕೈದು ನಿಮಿಷಕ್ಕೆ ಆರಂಭ, ನಡು, ಕೊನೆ ಮೂರೂ ಇರುವ ಕಥೆ. 'ಪಾಯಲ್' ಹಾಡಿನಲ್ಲಿ ಗೊಂಬೆಯಾಟ ಇದೆ, ಕಥಪುತ್ಲಿ. ಹುಡುಗಿಯ ಮನಸ್ಸಿನ ಮಾತನ್ನು ಸೂತ್ರದ ಗೊಂಬೆಯೇ ಆಡಿ ತೋರಿಸುತ್ತದೆ. 'ಚುನರ್' ಹಾಡಿನಲ್ಲಿ ಒಂದು ಚಿತ್ರಪಟಕ್ಕೆ ಜೀವ ಬರುತ್ತದೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಕದ್ದು ನೋಡುತ್ತಾರೆ ಅಷ್ಟೆ, ಮೈಮೇಲೆ ಬೀಳುವುದಿಲ್ಲ. ಅಪ್ಪ ಅಮ್ಮನ ಜೊತೆ ಕೂತು ನೋಡುತ್ತಿದ್ದಾಗ ಯಾರೂ ರಿಮೋಟು ಹುಡುಕಬೇಕಾಗಿರಲಿಲ್ಲ! ಆ ಕಾಲದ ಮಧ್ಯಮವರ್ಗದ ಮನೆಗಳಲ್ಲಿ ಇದೇನು ಸಣ್ಣ ಮಾತಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಹಾಡುಗಾರ್ತಿ ನಿಂತ ಜಾಗ. ಬೇರೆ ವಿಡಿಯೋಗಳಲ್ಲಿ ಹಾಡುವವರೇ ನಾಯಕ, ಅವರೇ ನಾಯಕಿ. ಫಾಲ್ಗುಣಿಬೆನ್ ಹಾಗಲ್ಲ. ಅವರು ಕಥೆಯ ಪಕ್ಕದಲ್ಲಿ ನಿಲ್ಲುತ್ತಾರೆ. ಅದೇ ಶರಟು, ಅದೇ ನಗು. ಹುಡುಗಿಯ ಗೆಳತಿಯೋ ಅಕ್ಕನೋ ಗೊತ್ತಾಗುವುದಿಲ್ಲ, ಆದರೆ ಎಲ್ಲಾ ಬಲ್ಲವರ ಹಾಗೆ ಹಾಡುತ್ತಾ, ಕಣ್ಣಲ್ಲೇ ಹುಡುಗಿಗೆ ಧೈರ್ಯ ಕೊಡುತ್ತಾ ಇರುತ್ತಾರೆ. ಕರಾವಳಿ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಯಕ್ಷಗಾನದ ಭಾಗವತರ ಜಾಗ! ಕಥೆ ಭಾಗವತರ ಬಾಯಲ್ಲಿ, ಕುಣಿತ ವೇಷದ ಕಾಲಲ್ಲಿ. ಭಾಗವತ ಪಾತ್ರವಲ್ಲ, ಆದರೆ ಭಾಗವತ ಇಲ್ಲದೆ ಯಾವ ಪಾತ್ರವೂ ಇಲ್ಲ. ಗರ್ಬಾದಲ್ಲೂ ಅಷ್ಟೆ. ಹಾಡುವವರು ಒಂದು ಕಡೆ, ಕುಣಿಯುವ ಸಾವಿರಾರು ಜನ ಇನ್ನೊಂದು ಕಡೆ. ಮೈದಾನದ ಆ ಕ್ರಮವನ್ನೇ ಫಾಲ್ಗುಣಿಬೆನ್ ಟೀವಿಯ ಪೆಟ್ಟಿಗೆಯೊಳಕ್ಕೆ ತಂದರು ಅಂತ ನನ್ನ ಅನಿಸಿಕೆ. ನಾಯಕಿಯ ಹಾಗೆ ಸಿಂಗರಿಸಿಕೊಳ್ಳಲು ಇಷ್ಟವಿಲ್ಲದ ಹಾಡುಗಾರ್ತಿಗೆ ಇದರಿಂದ ತನ್ನ ಬಟ್ಟೆಯಲ್ಲಿ ತಾನು ತಾನಾಗಿಯೇ ಇರುವ ದಾರಿಯೂ ಸಿಕ್ಕಿತು.

ಹೊರದೇಶದಲ್ಲೂ ಇಂಥ ಹುಡುಕಾಟ ನಡೆದಿದೆ. ಕೆನಡಾದ ಲೆಸ್ಲೀ ಫೈಸ್ಟ್ ಅನ್ನುವ ಹಾಡುಗಾರ್ತಿ 2007ರಲ್ಲಿ 'ಒನ್ ಟೂ ತ್ರೀ ಫೋರ್' ಹಾಡಿಗೆ ಮಾಡಿದ ವಿಡಿಯೋ ಸಿಕ್ಕರೆ ನೋಡಿ. ಖಾಲಿ ಹಜಾರ, ಬಣ್ಣ ಬಣ್ಣದ ಬಟ್ಟೆಯ ದೊಡ್ಡ ಗುಂಪು, ನಡುವೆ ಮಿನುಗುವ ನೀಲಿ ಉಡುಪಿನ ಈಕೆ. ಕ್ಯಾಮೆರಾ ಎಲ್ಲೂ ನಿಲ್ಲದೆ ಒಂದೇ ಓಟದಲ್ಲಿ ಎಲ್ಲವನ್ನೂ ಹಿಡಿಯುತ್ತದೆ. ಆ್ಯಪಲ್ ಕಂಪನಿಯವರು ಐಪಾಡ್ ಜಾಹೀರಾತಿಗೆ ಅದನ್ನು ಬಳಸಿಕೊಂಡ ಮೇಲೆ ಮನೆಮಾತಾಯಿತು. ಅದನ್ನು ನೋಡಿದಾಗಲೆಲ್ಲಾ ಮೇಲಿನಿಂದ ಕಂಡ ಗರ್ಬಾದ ಸುತ್ತುಗಳೇ ನನ್ನ ಕಣ್ಣ ಮುಂದೆ ಬರುತ್ತವೆ. ದುಡ್ಡು ಕಡಿಮೆ ಇದ್ದಾಗ ಒಂದು ಒಳ್ಳೆಯ ಯೋಚನೆಯೇ ಬಂಡವಾಳ. ಈ ಮಾತು ಟೊರಾಂಟೋಗೂ ಸರಿ, ವಡೋದರಾಕ್ಕೂ ಸರಿ.

ಇಷ್ಟು ಚೆನ್ನಾಗಿದ್ದ ಆಟ ನಾಲ್ಕೈದು ವರ್ಷಕ್ಕೆ ಯಾಕೆ ಕೆಟ್ಟಿತು? ಕಳ್ಳ ಸೀಡಿ ಬಂತು. ಐವತ್ತು ನೂರು ಹಾಡು ತುಂಬಿದ ಎಂಪಿ-ತ್ರೀ ತಟ್ಟೆಗಳು ರಸ್ತೆ ಬದಿ ಕಾಸಿಗೆ ಸಿಗತೊಡಗಿದವು. ಸಂಗೀತದ ಚಾನೆಲ್ಲುಗಳು ಹೊಸ ಸಿನಿಮಾಗಳ ಹಾಡಿನ ತುಣುಕು ತೋರಿಸುವ ಕಡೆ ತಿರುಗಿದವು. ಹೊಸ ಹಾಡು ಕಟ್ಟುವುದಕ್ಕಿಂತ ಹಳೆಯದನ್ನು ತಿರುವಿಹಾಕುವುದು ಕಂಪನಿಗಳಿಗೆ ಅಗ್ಗವಾಯಿತು. 2002ರ 'ಕಾಂಟಾ ಲಗಾ' ನೆನಪಿರಬೇಕಲ್ಲ? 1972ರ 'ಸಮಾಧಿ' ಸಿನಿಮಾದ ಹಾಡಿನ ರೀಮಿಕ್ಸು. ಅದರಲ್ಲಿ ಕುಣಿದ ಶೆಫಾಲಿ ಜರೀವಾಲಾ ಅಹಮದಾಬಾದಿನ ಹುಡುಗಿ. ಜರೀವಾಲಾ ಅಂದರೆ ಜರಿಯ ಕಸುಬಿನವರು, ಸೂರತ್ತಿನ ಜರಿಗೆ ಅಂಟಿಕೊಂಡ ಮನೆಹೆಸರು. ನಮ್ಮ ಮದುವೆ ಸೀರೆಗಳ ಅಂಚಿನಲ್ಲಿ ಮಿನುಗುವ ಜರಿ ಎಷ್ಟೋ ಸಲ ಅಲ್ಲಿಂದಲೇ ಬಂದದ್ದು. ದೇಶವೆಲ್ಲಾ ನೋಡಿದ ಆ ವಿಡಿಯೋಗೆ ತನಗೆ ಸಿಕ್ಕದ್ದು 7,000 ರೂಪಾಯಿ ಅಂತ ಶೆಫಾಲಿ ಆಮೇಲೆ ಹೇಳಿಕೊಂಡಿದ್ದರು. 2025ರ ಜೂನಿನಲ್ಲಿ, ಇನ್ನೂ ನಲವತ್ತೆರಡರ ವಯಸ್ಸಿಗೆ ತೀರಿಕೊಂಡರು. ಯಾರ ಹಾಡು, ಯಾರ ಮುಖ, ಯಾರಿಗೆ ದುಡ್ಡು... ಲೆಕ್ಕ ನೀವೇ ಹಾಕಿ.

ತಿರುವಿಹಾಕುವ ಚಾಳಿ ಫಾಲ್ಗುಣಿಬೆನ್ ಅವರ ಬಾಗಿಲಿಗೂ ಬಂತು. 2019ರಲ್ಲಿ 'ಯಾದ್ ಪಿಯಾ ಕೀ' ಹೊಸ ರೂಪದಲ್ಲಿ ಬಂದಾಗ ಅಷ್ಟು ಗದ್ದಲವಾಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ, ನವರಾತ್ರಿಗೆ ಸರಿಯಾಗಿ ಕೆಲವು ದಿನ ಮುಂಚೆ, 'ಪಾಯಲ್' ಹಾಡನ್ನು ತಿರುವಿಹಾಕಿ 'ಓ ಸಜನಾ' ಅಂತ ಮಾಡಿದರು. ತನಿಷ್ಕ್ ಬಾಗ್ಚಿ ಸಂಗೀತ, ನೇಹಾ ಕಕ್ಕರ್ ಗಾಯನ. ಆಗ ನೋಡಿ, ಜನಕ್ಕೆ ಎಲ್ಲಿತ್ತೋ ಸಿಟ್ಟು! ನಮ್ಮ ಬಾಲ್ಯಕ್ಕೆ ಕೈ ಹಾಕಿದಿರಿ ಅಂತ ಮೂವತ್ತು ದಾಟಿದವರೆಲ್ಲಾ ಹೊಸ ಹಾಡಿನ ಮೇಲೆ ಮುಗಿಬಿದ್ದರು. ಫಾಲ್ಗುಣಿಬೆನ್ ಆ ಸಿಟ್ಟಿನ ಮಾತುಗಳನ್ನು ತಮ್ಮ ಪುಟದಲ್ಲಿ ಹಂಚಿಕೊಂಡರು. ಕಾನೂನಿನ ದಾರಿ ಹಿಡಿಯುತ್ತೀರಾ ಅಂತ ಪತ್ರಿಕೆಯವರು ಕೇಳಿದಾಗ ಅವರು ಕೊಟ್ಟ ಉತ್ತರದ ಸಾರ ಇಷ್ಟೆ: ಮಾಡಬೇಕು ಅಂತ ಆಸೆ ಇದೆ, ಆದರೆ ಹಕ್ಕು ನನ್ನ ಹತ್ತಿರ ಇಲ್ಲ.

ನನ್ನನ್ನು ಈ ಬರಹಕ್ಕೆ ಕೂರಿಸಿದ್ದು ಇದೇ ಮಾತು. ಇಪ್ಪತ್ತಮೂರು ವರ್ಷ ದೇಶ ಯಾವ ಹಾಡನ್ನು ಇವರ ಹೆಸರಿನಿಂದಲೇ ಗುರುತಿಸಿತೋ ಆ ಹಾಡಿನ ಮೇಲೆ ಇವರಿಗೆ ಕಾಗದದ ಹಕ್ಕು ಇಲ್ಲ. ಆಗಿನ ಪದ್ಧತಿ ಹಾಗಿತ್ತು. ಧ್ವನಿಮುದ್ರಣ ಕಂಪನಿಯದು. ಹಾಡಿದವರಿಗೆ ಒಂದು ಸಂಭಾವನೆ ಕೊಟ್ಟು ಲೆಕ್ಕ ಚುಕ್ತಾ ಮಾಡುವುದು ಮಾಮೂಲು. 2012ರಲ್ಲಿ ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂತು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಡುವ ಹಾಗೇ ಇಲ್ಲ ಅಂತಾಯಿತು. ಹಾಡುವವರಿಗೂ ಹಕ್ಕಿನ ಬಾಗಿಲು ತೆರೆಯಿತು. 2013ರಲ್ಲಿ ಹಾಡುಗಾರರು ತಮ್ಮದೇ ಹಕ್ಕುಗಳ ಸಂಘವನ್ನೂ ಕಟ್ಟಿಕೊಂಡರು. ಆದರೂ ಹಳೆಯ ಧ್ವನಿಮುದ್ರಣದ ಒಡೆತನ ಅದರಿಂದ ಕೈ ಬದಲಾಗಲಿಲ್ಲ, ಒಡೆಯರು ಬೇಕೆಂದರೆ ಹೊಸ ರೂಪ ಮಾಡಿಸಬಹುದು.

ಇಲ್ಲಿ ಒಂದು ತೊಡಕೂ ಇದೆ, ಅದನ್ನು ಹೇಳದೆ ಬಿಟ್ಟರೆ ನ್ಯಾಯವಲ್ಲ. ಫಾಲ್ಗುಣಿಬೆನ್ ರಾತ್ರಿಯಿಡೀ ಹಾಡುವ ಗರ್ಬಾಗಳಲ್ಲಿ ಬಹುಪಾಲು ಊರವರದು. ಯಾವ ಅಜ್ಜಿ ಕಟ್ಟಿದ್ದೋ, ಯಾವ ಕೇರಿಯಲ್ಲಿ ಹುಟ್ಟಿದ್ದೋ. ಅವರ ಮೊದಲ ಆಲ್ಬಮ್ಮಿನಲ್ಲೂ ಜಾನಪದದ ನೆರಳಿತ್ತು. ನಮ್ಮಲ್ಲಿ ರಘು ದೀಕ್ಷಿತ್ ಮಾಡಿದ್ದೂ ಇದನ್ನೇ ಅಲ್ಲವೇ? ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿದ, ಭರತನಾಟ್ಯ ಕಲಿತ ಹುಡುಗ. ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿ ಬೇಡ ಅನ್ನಿಸಿಕೊಂಡು, ಕೊನೆಗೆ 2008ರಲ್ಲಿ ವಿಶಾಲ್-ಶೇಖರ್ ಜೋಡಿಯ ಬೆಂಬಲದಿಂದ ಮೊದಲ ಆಲ್ಬಮ್ ತಂದರು. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ಹಾಡಿದರು. ಅವರು ಲೋಕಕ್ಕೆ ಕೇಳಿಸಿದ ಕನ್ನಡ 1819ರಲ್ಲಿ ಹುಟ್ಟಿದ ಶಿಶುನಾಳ ಷರೀಫರದು. ಷರೀಫಜ್ಜ ಯಾರಿಗೂ ಲೈಸೆನ್ಸು ಬರೆದುಕೊಟ್ಟವರಲ್ಲ! ಹಾಗಾದರೆ ಊರ ಹಾಡನ್ನು ಹಾಡುಗಾರ ತೆಗೆದುಕೊಂಡರೆ ಸರಿ, ಹಾಡುಗಾರನ ಹಾಡನ್ನು ಕಂಪನಿ ತೆಗೆದುಕೊಂಡರೆ ತಪ್ಪು ಅನ್ನುವುದು ಹೇಗೆ?

ನನಗೆ ತೋಚುವುದು ಇಷ್ಟು. ಷರೀಫರ ಹಾಡನ್ನು ಸಿ. ಅಶ್ವತ್ಥ್ ಹಾಡಿದರು, ರಘು ಹಾಡಿದರು, ನಾಳೆ ನಿಮ್ಮ ಮಗಳೂ ಹಾಡಬಹುದು. ಒಬ್ಬರು ಹಾಡಿದರೆ ಇನ್ನೊಬ್ಬರಿಗೆ ಏನೂ ಕಡಿಮೆಯಾಗುವುದಿಲ್ಲ, ಷರೀಫರ ಹೆಸರಂತೂ ಪ್ರತಿ ಸಲ ಬೆಳೆಯುತ್ತದೆ. ಕೆರೆಯ ನೀರನ್ನು ಕೊಡದಲ್ಲಿ ತಂದ ಹಾಗೆ. 'ಪಾಯಲ್' ಹಾಡಿನ ವಿಷಯದಲ್ಲಿ ನಡೆದದ್ದು ಬೇರೆ. ಇಲ್ಲಿ ಕೆರೆಗೆ ಬೇಲಿ ಇದೆ, ಬೀಗದಕೈ ಒಬ್ಬರ ಹತ್ತಿರ, ನೀರು ತೋಡಿದವರು ಬೇಲಿಯ ಹೊರಗೆ. ಜನರಿಗೆ ಕಾನೂನು ಗೊತ್ತಿರಲಿಲ್ಲ, ಆದರೆ ಈ ವ್ಯತ್ಯಾಸ ಗೊತ್ತಾಯಿತು. ಸಿಟ್ಟು ಬಂದದ್ದು ಅದಕ್ಕೇ.

ಹಾಗಂತ ಇದು ಸೋತವರ ಕಥೆ ಅಲ್ಲ. ಇಂಡಿಪಾಪ್ ಮುಗಿದ ಮೇಲೆ ಎಷ್ಟೋ ಹೆಸರುಗಳು ಮಸುಕಾದವು. ಫಾಲ್ಗುಣಿಬೆನ್ ಮಾತ್ರ ನಿಂತರು, ಯಾಕೆಂದರೆ ಅವರ ಬೇರು ಕ್ಯಾಸೆಟ್ಟಿನಲ್ಲಿ ಇರಲಿಲ್ಲ, ಮೈದಾನದಲ್ಲಿತ್ತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಅಂದಾಗ ಇಲ್ಲಿನವರಿಗೆ ಆಕಾಶವೇ ಕಳಚಿ ಬಿದ್ದ ಹಾಗಾಗಿತ್ತು. ವರ್ಷಕ್ಕೆ ಹದಿನೈದು ದಿನದವರೆಗೆ ಹನ್ನೆರಡರ ತನಕ ರಾಜ್ಯಗಳು ಬಿಡಬಹುದು ಅನ್ನುವ ನಿಯಮ ಉಳಿದುಕೊಂಡು ಗರ್ಬಾವನ್ನು ಕಾಪಾಡಿತು. ಬೆಳಗಿನ ಜಾವದ ತನಕ ಹರಿಯುತ್ತಿದ್ದ ಆಟ ನಡುರಾತ್ರಿಗೆ ನಿಲ್ಲುವಂತಾಯಿತು, ಹಾಡುವವರೂ ಅದಕ್ಕೆ ಹೊಂದಿಕೊಂಡರು. ವಡೋದರಾದಲ್ಲಿ ಅತುಲ್ ಪುರೋಹಿತ್ ಅವರ ಹಾಡಿಗೆ ಹತ್ತಾರು ಸಾವಿರ ಜನ ಬರಿಗಾಲಲ್ಲಿ ಸುತ್ತುತ್ತಾರೆ. ಅದಕ್ಕೆ ಯಾವ ಸಿನಿಮಾದ ಸಿಫಾರಸೂ ಬೇಕಿಲ್ಲ. 2023ರಲ್ಲಿ ಆದಿತ್ಯ ಗಢವಿ ಹಾಡಿದ 'ಖಲಾಸಿ' ಅನ್ನುವ ನಾವಿಕನ ಹಾಡು, ಅಹಮದಾಬಾದಿನ ನಾಟಕಕಾರ ಸೌಮ್ಯ ಜೋಶಿ ಬರೆದದ್ದು, ಗುಜರಾತಿ ಬಾರದವರ ಬಾಯಲ್ಲೂ ನಲಿಯಿತು. ಸಿನಿಮಾದ ಹೊರಗೂ ಹಾಡಿಗೆ ಮನೆ ಇದೆ ಅನ್ನುವುದಕ್ಕೆ ಈ ಊರುಗಳೇ ಸಾಕ್ಷಿ.

ನಮಗೂ ಅಂಥ ಮನೆ ಇತ್ತು, ಇದೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂದಾಗಿನಿಂದ ಭಾವಗೀತೆಯ ಕ್ಯಾಸೆಟ್ಟು ಹೊರನಾಡ ಕನ್ನಡಿಗನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದ ಜಾಗ ಪಡೆಯಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ 'ಕನ್ನಡವೇ ಸತ್ಯ' ನಡೆಸಿದಾಗ ಸೇರಿದ ಜನಸಾಗರವೂ ಸಿನಿಮಾಕ್ಕೆ ಬಂದದ್ದಲ್ಲ, ಹಾಡಿಗೆ ಬಂದದ್ದು. ಆದರೆ ಗುಜರಾತಿಗಳಿಗೆ ಇರುವ ಒಂದು ಅನುಕೂಲ ನಮಗಿಲ್ಲ. ವರ್ಷಕ್ಕೆ ಒಂಬತ್ತು ರಾತ್ರಿ ಇಡೀ ಊರೇ ಹಾಡುಗಾರರನ್ನು ಸಾಕುತ್ತದೆ. ಟಿಕೆಟ್ಟು ಕೊಂಡು, ಕಾಲು ನೋಯುವಷ್ಟು ಕುಣಿದು, ಮರುದಿನ ಮತ್ತೆ ಬರುತ್ತದೆ. ನಮ್ಮ ರಾಜ್ಯೋತ್ಸವಕ್ಕೆ ಊರಿಂದ ಹಾಡುವವರನ್ನು ಕರೆಸುತ್ತೇವೆ, ರೈಲು ಚಾರ್ಜು ಕೊಡುತ್ತೇವೆ, ಶಾಲು ಹೊದಿಸುತ್ತೇವೆ. ಸಂಭಾವನೆಯ ಮಾತು ಬಂದಾಗ ಮಾತ್ರ 'ಕನ್ನಡದ ಕೆಲಸ ಅಲ್ವೇ ಸಾರ್' ಅಂತೀವಿ!

ಧ್ವನಿಮುದ್ರಣ ಕಂಪನಿಯ ಕೈ ಸೇರಬಹುದು, ತಿರುವಿಹಾಕಲೂಬಹುದು. ಮೈದಾನದಲ್ಲಿ ಇವತ್ತು ರಾತ್ರಿ ಹಾಡಿದ ಹಾಡನ್ನು ಯಾರೂ ತಿರುವಿಹಾಕಲಾರರು. ಹಾಡುವವರ ಕೈಯಲ್ಲಿ ಉಳಿಯುವುದು ಅದೊಂದೇ, ಅದನ್ನು ಉಳಿಸುವುದು ಕೇಳುವವರ ಕೈಯಲ್ಲಿದೆ. ಈ ಸಲ ನಿಮ್ಮೂರಿನ ಸಂಘದವರು ಹಾಡುಗಾರರನ್ನು ಕರೆಸಿದರೆ ಶಾಲಿನ ಜೊತೆ ಒಂದು ತುಂಬಿದ ಲಕೋಟೆಯನ್ನೂ ಕೊಡಲಿ ಅಂತ ಕಮಿಟಿಯಲ್ಲಿ ಒಂದು ಮಾತು ಎತ್ತಿ ನೋಡಿ. ಏನಂದರು ಅಂತ ನನಗೂ ತಿಳಿಸಿ.